ದೊಡ್ಡಾಟದ ಪೋಸ್ಟರ್: ಹಳೇ ಲ್ಯಾಪ್‌ಟಾಪ್‌ನಲ್ಲಿ ಒತ್ತಕ್ಷರ ಒಡೆಯದ ಉಚಿತ ಸಾಫ್ಟ್‌ವೇರ್ ಯಾವುದು?

ಹಾವೇರಿ_ಮಾಸ್ತರ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರ. ಈ ಸಲ ಜಾತ್ರೆಗೆ ನಮ್ಮೂರ ಹುಡುಗರು ದೊಡ್ಡಾಟ ಕಲಿಯುತ್ತಿದ್ದಾರೆ. ಪೋಸ್ಟರ್, ಕರಪತ್ರ, ವಾಟ್ಸಾಪ್‌ನಲ್ಲಿ ಬಿಡುವ ಚಿತ್ರ, ಎಲ್ಲ ನನ್ನ ಕೊರಳಿಗೆ ಬಿದ್ದಿದೆ. ಗೋಡೆ ಮೇಲೆ ಚಿತ್ರ ಬರೆಯುವವನಿಗೆ ಕಂಪ್ಯೂಟರ್‌ನಲ್ಲಿ ಬರೆಯೋದು ಏನು ಮಹಾ ಅಂತ ಕಮಿಟಿಯವರ ಲೆಕ್ಕ.

ಲ್ಯಾಪ್‌ಟಾಪ್ 4 ಜಿಬಿ ರ‍್ಯಾಮ್‌ನದು. ಯಾರೋ ಪುಣ್ಯಾತ್ಮರು ಹಾಕಿಕೊಟ್ಟ ಹಳೇ ಫೋಟೋಶಾಪ್ ಅದರಲ್ಲಿದೆ. ‘ಸರ್ವರಿಗೂ ಸ್ವಾಗತ’ ಅಂತ ಹೊಡೆದರೆ ‘ಸರ್‌ವರಿಗೂ ಸ್‌ವಾಗತ’ ಅಂತ ಬರುತ್ತದೆ. ಮೊಬೈಲಿನಲ್ಲಿ ಸರಿಯಾಗಿ ಕಾಣುವ ಅದೇ ಸಾಲನ್ನು ಅಲ್ಲಿಂದ ತಂದು ಅಂಟಿಸಿದರೂ ಅಷ್ಟೇ. ದುಡ್ಡು ಕೊಟ್ಟು ಹೊಸದು ತಗೊಳ್ಳೋಕೆ ಕಮಿಟಿ ಒಪ್ಪಲ್ಲ. ಕಳ್ಳ ಕಾಪಿ ಮತ್ತೆ ಬೇಡ ಅಂತ ನನಗೂ ಅನಿಸಿದೆ.

ಇನ್ನೊಂದು ವಿಷಯ. ನಮ್ಮ ಓಣಿಯ ಹಿರಿಯರೊಬ್ಬರ ಹತ್ತಿರ ಹಳೇ ಕರಪತ್ರ ಒಂದಿದೆ. ಅದರ ತಲೆಬರಹ ಯಾರೋ ಕೈಯಲ್ಲೇ ಬರೆದದ್ದು. ತಲೆಕಟ್ಟು ಎಲ್ಲ ಹಾವಿನ ಹೆಡೆ ಥರ ಎದ್ದಿವೆ. ಆ ಅಕ್ಷರಗಳನ್ನೇ ಹೊಸ ಪೋಸ್ಟರಿಗೆ ತರೋಕಾಗುತ್ತಾ? ಕಾಗದ ಹಳದಿಯಾಗಿದೆ, ಮಡಿಕೆ ಬಿದ್ದಿದೆ.

ಮಸಿಕುಡಿಕೆ:

ಮಾಸ್ತರೇ, ಆಗುತ್ತೆ. ಎಲ್ಲವೂ ಆಗುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ. ನಮ್ಮಪ್ಪನದು ದಾವಣಗೆರೆಯಲ್ಲಿ ಮದುವೆ ಕಾರ್ಡು ಮಾಡುವ ಪ್ರೆಸ್ಸು. ನಾನು ಅಚ್ಚಿನ ಮೊಳೆ ಜೋಡಿಸೋದನ್ನೂ ನೋಡಿದ್ದೀನಿ, ಈಗ ಪೂರ್ತಿ ಉಚಿತ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡ್ತೀನಿ. ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ನಿಮ್ಮ ಫೋಟೋಶಾಪ್ ಕೆಟ್ಟಿಲ್ಲ. ಅದಕ್ಕೆ ಕನ್ನಡ ಜೋಡಿಸೋಕೆ ಬರಲ್ಲ, ಅಷ್ಟೇ. ಯೂನಿಕೋಡ್‌ನಲ್ಲಿ (ಎಲ್ಲ ಫೋನು, ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರಸಂಕೇತ) ‘ಸ್ವಾ’ ಅನ್ನೋದು ಒಂದು ಅಕ್ಷರವಾಗಿ ಉಳಿದಿರಲ್ಲ. ಸ, ಹಲಂತ (ಸ-ವನ್ನು ಸ್ ಮಾಡುವ ಗುರುತು), ವ, ದೀರ್ಘ ಅಂತ ನಾಲ್ಕು ತುಂಡಾಗಿ ಸಾಲಾಗಿ ಕೂತಿರುತ್ತೆ. ವ-ವನ್ನು ಕೆಳಗೆ ಒತ್ತಾಗಿ ಇಳಿಸಬೇಕು, ‘ರ್ವ’ದಲ್ಲಿ ಮೊದಲು ಬಂದ ರ-ವನ್ನು ಅರ್ಕಾವತ್ತಾಗಿ ಹಿಂದಕ್ಕೆ ಕಳಿಸಬೇಕು. ಇದರ ನಿಯಮ ಫಾಂಟ್ ಒಳಗೇ ಇರುತ್ತೆ. ಅದನ್ನು ಓದಿ ನಡೆಸುವವರು ಬೇಕಲ್ವಾ? ಆ ಕೆಲಸ ಮಾಡುವ ಉಚಿತ ಲೈಬ್ರರಿಯ ಹೆಸರು ಹಾರ್ಫ್‌ಬಜ್. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರ ಒಳಗೂ ಅದೇ ಇದೆ. ನಿಮ್ಮ ಮೊಬೈಲಿನಲ್ಲಿ ಸರಿಯಾಗಿ ಕಾಣೋದು ಅದರಿಂದಲೇ. ಹೊಸ ಫೋಟೋಶಾಪ್‌ನಲ್ಲೂ ಟೈಪ್ ಸೆಟ್ಟಿಂಗ್‌ನಲ್ಲಿ ‘ವರ್ಲ್ಡ್ ರೆಡಿ’ ಅನ್ನೋ ಆಯ್ಕೆ ಹಾಕಿದರೆ ಕನ್ನಡ ಕೂಡುತ್ತೆ. ನಿಮ್ಮದು ಅಷ್ಟು ಹೊಸದಲ್ಲ ಅಂತ ಕಾಣುತ್ತೆ.

ಈಗ ಸಾಫ್ಟ್‌ವೇರ್. ಅಕ್ಷರಕ್ಕೆ ಇಂಕ್‌ಸ್ಕೇಪ್, ಚಿತ್ರ ಬರೆಯೋಕೆ ಕ್ರಿಟಾ, ಫೋಟೋ ತಿದ್ದೋಕೆ ಗಿಂಪ್. ಮೂರರಲ್ಲೂ ಹಾರ್ಫ್‌ಬಜ್ ಇದೆ. ಕ್ರಿಟಾ ಮಾತ್ರ 2023ರಲ್ಲಿ ಬಂದ 5.2 ಅಥವಾ ಅದಕ್ಕಿಂತ ಹೊಸದು ಇರಲಿ. ಅದರ ಅಕ್ಷರದ ಎಂಜಿನ್ ಪೂರ್ತಿ ಬದಲಾದದ್ದು ಆಗಲೇ. ಆದರೂ ಪೋಸ್ಟರಿನ ಅಕ್ಷರವನ್ನು ಕ್ರಿಟಾದಲ್ಲಿ ಕೂರಿಸಬೇಡಿ ಅಂತಲೇ ನಾನು ಹೇಳೋದು. ಇಂಕ್‌ಸ್ಕೇಪ್‌ನಲ್ಲಿ ಅಕ್ಷರ ಗೆರೆಯಾಗಿ ಇರುತ್ತೆ, ಚುಕ್ಕೆಯಾಗಿ ಅಲ್ಲ, ಎಷ್ಟು ಹಿಗ್ಗಿಸಿದರೂ ಅಂಚು ಒಡೆಯಲ್ಲ. ವಾಟ್ಸಾಪ್‌ಗೂ ಅದೇ ಫೈಲು, ಊರ ಬಾಗಿಲಿನ ಬ್ಯಾನರಿಗೂ ಅದೇ ಫೈಲು.

ಫಾಂಟ್‌ಗಳಿಗೆ ಗೂಗಲ್ ಫಾಂಟ್ಸ್‌ಗೆ ಹೋಗಿ, ಭಾಷೆ ಕನ್ನಡ ಅಂತ ಆರಿಸಿ. ದೊಡ್ಡ ತಲೆಬರಹಕ್ಕೆ ಬಾಲೂ ತಮ್ಮ 2 ಚೆನ್ನಾಗಿದೆ, ದಪ್ಪ, ದುಂಡು. ಅನೇಕ್ ಕನ್ನಡ ತಗೊಂಡರೆ ಒಂದೇ ಫಾಂಟಿನಲ್ಲಿ ಸಣಕಲಿನಿಂದ ದಪ್ಪದವರೆಗೆ, ಇಕ್ಕಟ್ಟಿನಿಂದ ಅಗಲದವರೆಗೆ ಎಳೆಯಬಹುದು. ಪಾತ್ರಧಾರಿಗಳ ಹೆಸರು ತುಂಬಾ ಉದ್ದ ಇದ್ದಾಗ ಇದು ಕಾಪಾಡುತ್ತೆ. ಚಿಕ್ಕ ಅಕ್ಷರಕ್ಕೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್. ಅಕಾಯ ಕನಡಕ ಸ್ವಲ್ಪ ಕುಣಿದಾಡುವ ಫಾಂಟು, ನಿಮ್ಮ ಆಟಕ್ಕೆ ಹೊಂದಬಹುದು. ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನವು. ಮುದ್ರಿಸಿ, ಹಂಚಿ, ಟಿಕೆಟ್ಟಿನ ಮೇಲೂ ಹಾಕಿ, ಯಾರೂ ಕೇಳಲ್ಲ.

ಸಾಲುಗಳ ನಡುವಿನ ಜಾಗ ನೋಡಿಕೊಳ್ಳಿ. ಇಂಗ್ಲಿಷ್ ಪೋಸ್ಟರ್ ನೋಡಿ ಕಲಿತವರು ಇಲ್ಲೇ ಎಡವೋದು. ‘ರಾಷ್ಟ್ರ’ದ ಎರಡು ಒತ್ತು ಕೆಳಗೆ ಇಳಿದು ಮುಂದಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತೆ. ಕನ್ನಡಕ್ಕೆ 1.4ಕ್ಕಿಂತ ಕಡಿಮೆ ಸಾಲಿನ ಅಂತರ ಇಟ್ಟರೆ ನನಗೆ ಉಸಿರು ಕಟ್ಟುತ್ತೆ. ಒತ್ತೇ ಇಲ್ಲದ ಎರಡು ಸಾಲು ಸಿಕ್ಕಿದರೆ ಮಾತ್ರ ಹತ್ತಿರ ತರ್ತೀನಿ.

ಇನ್ನು ಹಳೇ ಕರಪತ್ರ. ಇದು ನನಗೆ ಇಷ್ಟದ ಕೆಲಸ. ಅದನ್ನು ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಬೆಳಕಿನಲ್ಲಿಟ್ಟು ಮೇಲಿನಿಂದ ನೆಟ್ಟಗೆ ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಮಡಿಕೆಯ ನೆರಳು ಎದ್ದು ಬರುತ್ತೆ. ಗಿಂಪ್‌ನಲ್ಲಿ ಕಪ್ಪು ಬಿಳುಪು ಮಾಡಿ. ಲೆವೆಲ್ಸ್ ತೆರೆದು ಬಲಗಡೆಯ ತ್ರಿಕೋನವನ್ನು ಎಡಕ್ಕೆ ತನ್ನಿ, ಹಳದಿ ಕಾಗದ ಬಿಳಿಯಾಗುತ್ತೆ. ಎಡಗಡೆಯದನ್ನು ಸ್ವಲ್ಪ ಬಲಕ್ಕೆ ತನ್ನಿ, ಮಾಸಿದ ಮಸಿ ಕಪ್ಪಾಗುತ್ತೆ. ಮಡಿಕೆಯ ಗೆರೆ ಅಕ್ಷರದ ಮೇಲೇ ಹಾದಿದ್ದರೆ ಬ್ರಶ್ಶಿನಲ್ಲಿ ಮುಚ್ಚಿ.

ಆಮೇಲೆ ಆ ಚಿತ್ರವನ್ನು ಇಂಕ್‌ಸ್ಕೇಪ್‌ಗೆ ತಂದು ಪಾಥ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಒತ್ತಿ. ಒಳಗೆ ಕೆಲಸ ಮಾಡೋದು ಪೊಟ್ರೇಸ್ ಅನ್ನೋ ಹಳೇ ಪ್ರೋಗ್ರಾಂ. ಬ್ರೈಟ್‌ನೆಸ್ ಕಟಾಫ್ 0.45ರ ಆಸುಪಾಸು ಆಡಿಸಿ ನೋಡಿ. ಜಾಸ್ತಿ ಆದರೆ ಅಕ್ಷರದ ಹೊಟ್ಟೆ ಮುಚ್ಚಿಹೋಗುತ್ತೆ, ಕಡಿಮೆ ಆದರೆ ತಲೆಕಟ್ಟಿನ ತುದಿ ಕಳಚುತ್ತೆ. ಸ್ಪೆಕಲ್ಸ್ ಅನ್ನೋದನ್ನು ಏರಿಸಿದರೆ ಕಾಗದದ ಚುಕ್ಕೆಗಳು ಹೋಗುತ್ತವೆ. ಬಂದ ಗೆರೆಯಲ್ಲಿ ಬೇಡದ ಗಂಟುಗಳು ತುಂಬಾ ಇರುತ್ತವೆ. ಕಂಟ್ರೋಲ್ ಎಲ್ ಒಂದು ಸಲ ಒತ್ತಿ, ಗೆರೆ ನುಣುಪಾಗುತ್ತೆ. ಪಟಪಟ ಒತ್ತಬೇಡಿ. ಬೇಗ ಬೇಗ ಒತ್ತಿದಷ್ಟೂ ಅದು ಜೋರಾಗಿ ಸವರುತ್ತೆ, ನಿಮ್ಮ ಹೆಡೆ ಎತ್ತಿದ ತಲೆಕಟ್ಟು ಹೆಡೆ ಇಳಿಸಿಬಿಡುತ್ತೆ.

ಹೊಸ ಪೋಸ್ಟರಿಗೆ ಬೇಕಾದ ಎಲ್ಲ ಅಕ್ಷರ ಹಳೇದರಲ್ಲಿ ಇರಲ್ಲ. ಅದಕ್ಕೆ ಹೆದರಬೇಡಿ, ನೀವು ಡ್ರಾಯಿಂಗ್ ಮಾಸ್ತರು. ದ ಸಿಕ್ಕಿದರೆ ಕೆಳಗೆ ಸೀಳಿ ಧ ಮಾಡಬಹುದು. ಪ ಸಿಕ್ಕಿದರೆ ಒಳಗೊಂದು ಗೆರೆ ಎಳೆದು ಷ. ತಲೆಕಟ್ಟನ್ನು ಒಂದೆಡೆಯಿಂದ ಕತ್ತರಿಸಿ ಇನ್ನೊಂದೆಡೆ ಕೂರಿಸಿ. ಇಡೀ ಪೋಸ್ಟರ್ ಹಾಗೆ ಮಾಡಬೇಡಿ, ತಲೆಬರಹ ಒಂದೇ ಸಾಕು. ಆ ಬರಹಗಾರರು ಯಾರು ಅಂತ ಓಣಿಯ ಹಿರಿಯರನ್ನು ಕೇಳಿ. ಗೊತ್ತಾದರೆ ಕರಪತ್ರದ ಮೂಲೆಯಲ್ಲಿ ಹೆಸರು ಹಾಕಿ.

ಎಲ್ಲದಕ್ಕಿಂತ ಮುಖ್ಯ, ಕೊನೇ ಗಳಿಗೆಯವರೆಗೆ ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಳ್ಳಿ. ಆಟದ ಹಿಂದಿನ ದಿನ ದುರ್ಯೋಧನ ಬದಲಾಗ್ತಾನೆ, ಊಟದ ದಾಸೋಹಿಗಳ ಹೆಸರು ಬಿಟ್ಟುಹೋಗಿರುತ್ತೆ. ಇಂಕ್‌ಸ್ಕೇಪ್ ಉಳಿಸುವ ಎಸ್‌ವಿಜಿ ಫೈಲಿನಲ್ಲಿ ಅಕ್ಷರ ಇದ್ದರೆ ಹೆಸರು ಹೊಡೆದು ಮುಗಿಸಬಹುದು. ಗೆರೆ ಮಾಡಿ ಉಳಿಸಿಬಿಟ್ಟಿದ್ದರೆ ಮತ್ತೆ ಮೊದಲಿಂದ.

ಕೋರಲ್_ಕಾಕಾ:

ಮಸಿಕುಡಿಕೆಯವರು ಹೇಳಿದ್ದೆಲ್ಲ ಸರಿ, ಆದರೆ ಪ್ರೆಸ್ಸಿನ ಬಾಗಿಲಿಗೆ ಹೋದಾಗ ಗೊತ್ತಾಗುತ್ತೆ. ಅಲ್ಲಿ ಕೂತಿರೋ ಹುಡುಗ ಕೋರಲ್ ಡ್ರಾ, ಕನ್ನಡ ಹೊಡೆಯೋಕೆ ನುಡಿ, ಶ್ರೀಲಿಪಿ ಇವಿಷ್ಟೇ ಬಲ್ಲ. ಎಸ್‌ವಿಜಿ ಅಂದರೆ ಮುಖ ನೋಡ್ತಾನೆ. ನಾನು ಡಿಟಿಪಿ ಶುರುಮಾಡಿದ ಕಾಲದಿಂದ ಯೂನಿಕೋಡ್‌ಗಿಂತ ಹಳೇ ಪದ್ಧತಿಯ ಆಸ್ಕಿ ಫಾಂಟ್‌ನಲ್ಲೇ ಮಾಡಿದ್ದೀನಿ, ಒಂದು ಒತ್ತೂ ಒಡೆದಿಲ್ಲ. ತಲೆಬರಹಕ್ಕೆ ಬೇಕಾದ ಚೆಂದದ ಫಾಂಟ್‌ಗಳೂ ಅದರಲ್ಲೇ ಜಾಸ್ತಿ. ಮಾಸ್ತರ ಹಳೇ ಫೋಟೋಶಾಪ್‌ನಲ್ಲಿ ನುಡಿ ಹಾಕಿಕೊಂಡರೆ ಇವತ್ತೇ ಕೆಲಸ ಮುಗಿಯುತ್ತಲ್ಲ, ಇಷ್ಟೆಲ್ಲ ಯಾಕೆ?

ಮಸಿಕುಡಿಕೆ:

ಕಾಕಾ, ನಿಮ್ಮ ಫಾಂಟ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಸಾಫ್ಟ್‌ವೇರ್‌ಗಳಿಗೆ ಕನ್ನಡವೇ ಬರದ ಕಾಲದಲ್ಲಿ ಕಾರ್ಡು, ಪತ್ರಿಕೆ, ಸರ್ಕಾರಿ ಕಾಗದ ಎಲ್ಲ ನಡೆಸಿದ್ದು ಅವೇ. ನಮ್ಮ ಮನೆ ಅನ್ನವೂ ಅದರಿಂದಲೇ ಬೆಂದದ್ದು. ಒತ್ತು ಒಡೆಯಲ್ಲ ಅನ್ನೋದೂ ನಿಜ. ಯಾಕಂದ್ರೆ ಅಲ್ಲಿ ಕೂಡಿಸುವ ಕೆಲಸವೇ ಇಲ್ಲ, ಅಕ್ಷರದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರ್ತಾರೆ.

ತೊಂದರೆ ಬರೋದು ಆ ಫಾಂಟ್ ಇಲ್ಲದ ಕಡೆ. ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ. ಎಲ್ಲರೂ ನೋಡಿರ್ತೀರಿ. ಮಾಸ್ತರು ಇದೇ ಪಾತ್ರಧಾರಿಗಳ ಪಟ್ಟಿಯನ್ನು ವಾಟ್ಸಾಪ್‌ಗೆ, ಫೇಸ್‌ಬುಕ್‌ಗೆ ಹಾಕಬೇಕು ಅಂದ್ರೆ ಮತ್ತೆ ಹೊಡೀಬೇಕು, ಇಲ್ಲವೇ ಪರಿವರ್ತಕಕ್ಕೆ ಹಾಕಿ ತಪ್ಪು ಹುಡುಕಬೇಕು. ಯೂನಿಕೋಡ್‌ನಲ್ಲಿ ಒಂದು ಸಲ ಹೊಡೆದರೆ ಪೋಸ್ಟರಿಗೂ ಅದೇ, ಮೆಸೇಜಿಗೂ ಅದೇ. ಮುಂದಿನ ಜಾತ್ರೆಗೆ ‘ಭೀಮ’ ಅಂತ ಹುಡುಕಿದರೆ ಈ ವರ್ಷದ ಪಟ್ಟಿ ಸಿಗುತ್ತೆ. ಕೈಬೆರಳು ನಿಮ್ಮ ಕೀಲಿಮಣೆಗೇ ಒಗ್ಗಿದ್ದರೆ ಅದನ್ನೂ ಬದಲಿಸಬೇಕಿಲ್ಲ. ನುಡಿ ಈಗ ಯೂನಿಕೋಡ್‌ನಲ್ಲೂ ಬರೆಯುತ್ತೆ. ಲಿನಕ್ಸ್‌ನಲ್ಲಿ ಕಗಪ ವಿನ್ಯಾಸ (ನುಡಿಯ ಕೀಲಿಮಣೆ) ಇದೆ. ಇಂಗ್ಲಿಷ್ ಉಚ್ಚಾರದ ಪ್ರಕಾರ ಹೊಡೆಯುವವರಿಗೆ 2019ರಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಕೂತಿದೆ.

ಪ್ರೆಸ್ಸಿನ ಹುಡುಗನಿಗೆ ಎಸ್‌ವಿಜಿ ಕೊಡೋದೇ ಬೇಡ. ಇಂಕ್‌ಸ್ಕೇಪ್‌ನಲ್ಲಿ ಪಿಡಿಎಫ್ ಆಗಿ ಉಳಿಸುವಾಗ ‘ಕನ್ವರ್ಟ್ ಟೆಕ್ಸ್ಟ್ ಟು ಪಾಥ್ಸ್’ ಅಂತ ಟಿಕ್ ಹಾಕಿ. ನೀವು ಕೋರಲ್‌ನಲ್ಲಿ ಕರ್ವ್ಸ್ ಮಾಡ್ತೀರಲ್ಲ, ಅದೇ, ಅಕ್ಷರ ಬರೀ ಗೆರೆಯಾಗುತ್ತೆ. ಅವನ ಹತ್ತಿರ ಫಾಂಟ್ ಇರಲಿ ಬಿಡಲಿ, ಕೋರಲ್‌ನಲ್ಲಿ ತೆರೆದರೆ ಅಕ್ಷರ ಕದಲಲ್ಲ. ಅಕ್ಷರ ಜೀವಂತ ಇರುವ ಎಸ್‌ವಿಜಿ ಮಾಸ್ತರ ಹತ್ತಿರವೇ ಉಳಿಯುತ್ತೆ. ಒಮ್ಮೆ ಒಂದು ಪ್ರೆಸ್ಸಿನವರು ನನ್ನ ಫೈಲ್ ತೆರೆದು, ಫಾಂಟ್ ಇಲ್ಲ ಅಂತ ಅವರಿಗೆ ತೋಚಿದ ಫಾಂಟ್ ಹಾಕಿ, 500 ಕರಪತ್ರ ಹೊಡೆದು ಕೊಟ್ಟಿದ್ದರು. ಅವತ್ತಿನಿಂದ ಪಾಥ್ ಮಾಡದೆ ಹೊರಗೆ ಬಿಡಲ್ಲ.

ಬಣ್ಣದ ವಿಚಾರಕ್ಕೆ ಬಂದರೆ ಕಾಕಾ ಮಾತಿಗೆ ತೂಕ ಇದೆ. ಇಂಕ್‌ಸ್ಕೇಪ್ ಪರದೆಯ ಆರ್‌ಜಿಬಿ ಬಣ್ಣದ್ದು, ಮುದ್ರಣದ ನಾಲ್ಕು ಬಣ್ಣಕ್ಕೆ ಅದನ್ನು ನಂಬಬೇಡಿ. ಬಣ್ಣ ಪಕ್ಕಾ ಬೇಕು ಅನ್ನೋ ಪುಸ್ತಕದ ಕೆಲಸಕ್ಕೆ ನಾನು ಸ್ಕ್ರೈಬಸ್ ಅನ್ನೋ ಪುಟ ಜೋಡಿಸುವ ಉಚಿತ ಸಾಫ್ಟ್‌ವೇರ್ ಬಳಸ್ತೀನಿ, ಅದೂ 1.6. ಹಳೇ 1.4ಕ್ಕೆ ಕನ್ನಡ ಬರಲ್ಲ. ಜಾತ್ರೆಯ ಫ್ಲೆಕ್ಸಿಗೆ, ಒಂದೇ ಬಣ್ಣದ ಕರಪತ್ರಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳೋದು ಬೇಡ.

ಪಿಕ್ಸೆಲ್_ಪುಟ್ಟಿ:

ಚಿತ್ರದ ಕಡೆಯಿಂದ ನಂದೊಂದು ಮಾತು. ದೊಡ್ಡಾಟದ ಕಿರೀಟ ಬರೆಯೋಕೆ ಕ್ರಿಟಾದಲ್ಲಿ ಮಲ್ಟಿಬ್ರಶ್ ಇದೆ, ಕ್ಯೂ ಒತ್ತಿದರೆ ಬರುತ್ತೆ. ಮಿರರ್ ಆರಿಸಿ ಅರ್ಧ ಕಿರೀಟ ಬರೀರಿ, ಇನ್ನರ್ಧ ತಾನೇ ಬರುತ್ತೆ. ಸಿಮೆಟ್ರಿ ಆರಿಸಿ ಎಂಟು ಕುಂಚ ಕೊಟ್ಟರೆ ಭುಜಕೀರ್ತಿಯ ಹೂವು ಒಂದೇ ಎಸಳಿನ ಕೆಲಸ. ಅಂಚಿನ ಪಟ್ಟಿಗೆ ಡಬ್ಲ್ಯೂ ಒತ್ತಿ ರ‍್ಯಾಪ್ ಅರೌಂಡ್‌ನಲ್ಲಿ ಬರೆದರೆ, ಎಷ್ಟು ಉದ್ದ ಜೋಡಿಸಿದರೂ ಕೂಡಿದ ಜಾಗ ಕಾಣಲ್ಲ. ಕೊನೆಗೆ ಎಲ್ಲೋ ಒಂದು ಕಡೆ ಕೈಯಿಂದ ಸ್ವಲ್ಪ ಕೆಡಿಸಿ. ಎರಡೂ ಕಡೆ ಅಚ್ಚು ಹೊಡೆದಂತಿದ್ದರೆ ವೇಷ ಸತ್ತಂಗೆ ಕಾಣುತ್ತೆ.

4 ಜಿಬಿ ರ‍್ಯಾಮ್ ಅಂದ್ರಲ್ಲ, ಲೆಕ್ಕ ಹಾಕಿ. ಎ3 ಅಳತೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೆ 3508×4961 ಚುಕ್ಕೆ. ಪೂರ್ತಿ ತುಂಬಿದ ಒಂದು ಲೇಯರಿಗೇ (ಚಿತ್ರದ ಒಂದು ಪದರಕ್ಕೇ) ಸುಮಾರು 70 ಎಂಬಿ. ಇಪ್ಪತ್ತು ಲೇಯರ್ ಆದರೆ ನಿಮ್ಮ ಲ್ಯಾಪ್‌ಟಾಪ್ ಕೈ ಎತ್ತುತ್ತೆ. 150 ಡಿಪಿಐನಲ್ಲಿ ಬರೆದರೆ ಅದರ ಕಾಲು ಭಾಗ ಸಾಕು. ನಿಂತು ದೂರದಿಂದ ನೋಡುವ ಪೋಸ್ಟರಿಗೆ ಅದು ನಡೆಯುತ್ತೆ. ಅಕ್ಷರ ಹೇಗೂ ಇಂಕ್‌ಸ್ಕೇಪ್‌ನಲ್ಲಿ ಬೇರೆ ಕೂರುತ್ತಲ್ಲ. ಕ್ರಿಟಾವನ್ನು ಅವರ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಇರೋದಕ್ಕೆ ದುಡ್ಡು.

ಯಾರಾದರೂ ‘ಎಐ ಕೇಳಿ ಮಾಡಿಸಿಬಿಡಿ’ ಅಂದರೆ ನಕ್ಕು ಸುಮ್ನಾಗಿ. ದೊಡ್ಡಾಟ ಅಂತ ಕೇಳಿದರೆ ಟಿವಿ ಧಾರಾವಾಹಿಯ ರಾಜ ಬರ್ತಾನೆ. ಕನ್ನಡ ಅಂತ ಕೇಳಿದರೆ ಎಷ್ಟೋ ಸಲ ಕನ್ನಡದ ಹಾಗೆ ಕಾಣುವ ಜಿಲೇಬಿ ಬರುತ್ತೆ. ನಿಮ್ಮ ಹುಡುಗರ ವೇಷದ್ದೇ ಫೋಟೋ ತೆಗೆದು ಅದರ ಮೇಲೆ ಬರೀರಿ.

ಹಾವೇರಿ_ಮಾಸ್ತರ:

ಎಲ್ಲರಿಗೂ ಶರಣು. ಇಂಕ್‌ಸ್ಕೇಪ್‌ನಲ್ಲಿ ‘ಸರ್ವರಿಗೂ ಸ್ವಾಗತ’ ಮೊದಲ ಏಟಿಗೇ ಕೂತಿತು. ತಲೆಬರಹ ಟ್ರೇಸ್ ಆಗಿದೆ. ಹೆಡೆಯೂ ಉಳಿದಿದೆ! ಬರೆದವರ ಹೆಸರು ಹಿರಿಯರಿಗೆ ನೆನಪಿದೆ. ಮಗನ ಹತ್ತಿರ ಕೇಳಿ ಖಾತ್ರಿ ಮಾಡ್ತೀನಿ ಅಂದಿದ್ದಾರೆ.

ಈಗ ಮೂರು ತಕರಾರು ಉಳಿದಿವೆ. ಕಮಿಟಿಯವರು ಬೆಳಗ್ಗೆ ಬೈಕ್ ರ‍್ಯಾಲಿ ಇಟ್ಟಿದ್ದಾರೆ. ಅದು ‘ರ್ಯಾಲಿ’ ಅಂತ ಅರ್ಕಾವತ್ತು ಹಾಕಿಕೊಂಡು ಬರುತ್ತೆ. ತಲೆಬರಹದ ಅಕ್ಷರಕ್ಕೆ ದಪ್ಪ ಅಂಚು ಕೊಟ್ಟರೆ ಅಕ್ಷರವೇ ತೆಳ್ಳಗಾಗುತ್ತೆ. ಆಮೇಲೆ ಹಳದಿ ಮೇಲೆ ಕೆಂಪು ಅಕ್ಷರ ಹಾಕಿದ್ದು ನನ್ನ ಪರದೆ ಮೇಲೆ ಚೂಪಾಗಿದೆ, ವಾಟ್ಸಾಪ್‌ನಲ್ಲಿ ಹೋದರೆ ಅಂಚೆಲ್ಲ ಕೊಳೆ.

ಮಸಿಕುಡಿಕೆ:

ರ‍್ಯಾಲಿ, ರ‍್ಯಾಂಕ್, ರ‍್ಯಾಮ್ ಎಲ್ಲಕ್ಕೂ ಒಂದೇ ಮದ್ದು. ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡುಕೊಂಡಿ ಹಾಕಬೇಕು. ಇಂಕ್‌ಸ್ಕೇಪ್‌ನಲ್ಲಿ ರ ಹೊಡೆದ ಮೇಲೆ ಕಂಟ್ರೋಲ್ ಯು ಒತ್ತಿ, 200 ಆಮೇಲೆ ಇಂಗ್ಲಿಷಿನ ಡಿ ಹೊಡೆದು ಎಂಟರ್. ಮುಂದೆ ಎಂದಿನಂತೆ ಹಲಂತ, ಯ, ದೀರ್ಘ. ಅದೇ 200ರ ಮುಂದೆ ಸಿ ಹೊಡೆದರೆ ಕೂಡದ ಹಾಗೆ ತಡೆಯುವ ಕೊಂಡಿ. ‘ವಾಟ್ಸಾಪ್‌ನಲ್ಲಿ’ ಅಂತ ಬರೆಯುವಾಗ ಪ್ ಮತ್ತು ನ ಅಂಟಿಕೊಳ್ಳದಿರಲಿ ಅಂತ ಅದು ಬೇಕು. ಇಷ್ಟು ಕಷ್ಟ ಯಾಕೆ ಅನಿಸಿದರೆ ಈ ಪುಟದಿಂದಲೇ ‘ರ‍್ಯಾಲಿ’ ಕಾಪಿ ಮಾಡಿ ಅಂಟಿಸಿ. ಕೊಂಡಿ ಜೊತೆಗೇ ಬರುತ್ತೆ.

ಅಂಚಿನ ವಿಷಯ. ಗೆರೆ ಅಕ್ಷರದ ಅಂಚಿನ ಒಳಗರ್ಧ ಹೊರಗರ್ಧ ಬೀಳುತ್ತೆ, ಅದಕ್ಕೇ ತಿಂದು ಹಾಕೋದು. ಫಿಲ್ ಅಂಡ್ ಸ್ಟ್ರೋಕ್‌ನ ಸ್ಟ್ರೋಕ್ ಸ್ಟೈಲ್‌ನಲ್ಲಿ ಆರ್ಡರ್ ಅಂತಿದೆ. ಗೆರೆ ಕೆಳಗೆ, ಬಣ್ಣ ಮೇಲೆ ಬರುವ ಹಾಗೆ ಬದಲಿಸಿ. ಫಾಂಟಿನಿಂದ ಬಂದ ಅಕ್ಷರಕ್ಕೆ ಅಂಚು ಕೊಟ್ಟಾಗ ಒಳಗೆ ಅಡ್ಡಗೆರೆ ಕಂಡರೆ, ಪಾಥ್ ಮಾಡಿ ಯೂನಿಯನ್ ಒತ್ತಿ. ಮೊದಲು ಒಂದು ನಕಲು ಪಕ್ಕಕ್ಕಿಟ್ಟುಕೊಂಡು.

ಕೆಂಪು-ಹಳದಿ ಗೋಳು ಬರೀ ನಿಮ್ಮದಲ್ಲ. ಪ್ರತಿ ನವೆಂಬರ್ 1ಕ್ಕೆ ನಮ್ಮ ಬಾವುಟದ ಬಣ್ಣದ ಶುಭಾಶಯಗಳೆಲ್ಲ ಹೀಗೇ ಕೊಳೆಯಾಗಿ ತಿರುಗಾಡುತ್ತವೆ. ಜೆಪೆಗ್ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡಿ ಇಡುತ್ತೆ. ಬೆಳಕು ಪ್ರತಿ ಚುಕ್ಕೆಗೂ ಉಳಿಯುತ್ತೆ, ಬಣ್ಣ ಮಾತ್ರ ಸಾಮಾನ್ಯವಾಗಿ ನಾಲ್ಕು ಚುಕ್ಕೆಗೆ ಒಂದೇ. ಕೆಂಪು ಪಕ್ಕದ ಹಳದಿಗೆ ಸೋರೋದು ಅಲ್ಲೇ. ಗಿಂಪ್‌ನಲ್ಲಿ ಜೆಪೆಗ್ ಮಾಡುವಾಗ ಸಬ್‌ಸ್ಯಾಂಪ್ಲಿಂಗ್ 4:4:4 (ಪ್ರತಿ ಚುಕ್ಕೆಗೂ ಅದರದೇ ಬಣ್ಣ) ಆರಿಸಿದರೆ ನಿಮ್ಮ ಫೈಲು ಸರಿಯಾಗುತ್ತೆ. ಆದರೆ ವಾಟ್ಸಾಪ್ ಅದನ್ನು ಮತ್ತೆ ತನ್ನ ಲೆಕ್ಕದಲ್ಲಿ ಹಿಂಡುತ್ತೆ. ಪಿಎನ್‌ಜಿಯನ್ನು ಫೋಟೋ ಅಂತ ಕಳಿಸಿದರೂ ಇದೇ ಕತೆ. 2023ರಲ್ಲಿ ಬಂದ ಎಚ್‌ಡಿ ಗುಂಡಿ ಒತ್ತಿ ಕಳಿಸಿದರೆ ಸ್ವಲ್ಪ ವಾಸಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಒಂದು ಚುಕ್ಕೆಯೂ ಬದಲಾಗಲ್ಲ, ಆದರೆ ಅದನ್ನು ತೆರೆದು ನೋಡುವವರು ಕಡಿಮೆ.

ಹಾಗಾಗಿ ಹಿಂಡಿದರೂ ಉಳಿಯುವ ಹಾಗೆ ಮಾಡೋದೇ ಜಾಣತನ. ಕೆಂಪಿನ ಸುತ್ತ ಕಪ್ಪು ಅಥವಾ ಗಾಢ ಕಂದು ಅಂಚು ಕೊಡಿ. ಸೋರಿದ ಬಣ್ಣ ಅದರ ಕೆಳಗೆ ಅಡಗುತ್ತೆ. ಸಣ್ಣ ಅಕ್ಷರ ಕೆಂಪಿನಲ್ಲಿ ಬೇಡವೇ ಬೇಡ, ಕಪ್ಪೇ ಇರಲಿ. ಆಮೇಲೆ ನಿಮಗೆ ನೀವೇ ಮೆಸೇಜ್ ಕಳಿಸಿಕೊಂಡು, ಮನೆಯಲ್ಲಿರುವ ತೀರಾ ಚಿಕ್ಕ ಫೋನಿನಲ್ಲಿ ನೋಡಿ. ಸಮಯ ಬದಲಾಯಿತು ಅಂತ ವಾಟ್ಸಾಪ್‌ನಿಂದ ಇಳಿಸಿದ ಚಿತ್ರದ ಮೇಲೇ ತಿದ್ದಬೇಡಿ, ಎಸ್‌ವಿಜಿಗೆ ವಾಪಸ್ ಹೋಗಿ. ಚಿತ್ರದ ಕೆಳಗೆ ಊರು, ದಿನ, ಹೊತ್ತು ಎಲ್ಲವನ್ನೂ ಮೆಸೇಜಾಗಿ ಹೊಡೆಯಿರಿ. ಕಣ್ಣು ಕಾಣದವರ ಫೋನು ಚಿತ್ರದೊಳಗಿನ ಅಕ್ಷರವನ್ನು ನೆಟ್ಟಗೆ ಓದಿ ಹೇಳಲ್ಲ. ಮೆಸೇಜನ್ನು ಓದುತ್ತೆ. ಗುಂಪಿನಲ್ಲಿ ಮೇಲೆ ಹೋಗಿಬಿಟ್ಟರೆ ಹುಡುಕಿದಾಗ ಸಿಗೋದೂ ಅದೇ.

ಕೋರಲ್_ಕಾಕಾ:

ಆಯ್ತಮ್ಮಾ, ಯೂನಿಕೋಡ್ ವಿಷಯದಲ್ಲಿ ನೀನು ಗೆದ್ದೆ ಅಂತ ಇಟ್ಕೋ. ಫಾಂಟಿನ ಚೆಂದದ ವಿಷಯದಲ್ಲಿ ಇನ್ನೂ ಒಪ್ಪಿಲ್ಲ. ಮಾಸ್ತರೇ, ಕರಪತ್ರ ಎ4 ಆದರೆ ಪುಟವನ್ನು 216×303 ಮಿಲಿಮೀಟರ್ ಇಡಿ. ಸುತ್ತ 3 ಮಿಲಿಮೀಟರ್ ಕತ್ತರಿಗೆ ಹೋಗುತ್ತೆ. ಹಳದಿಯನ್ನು ಅಲ್ಲಿಯವರೆಗೂ ಎಳೀರಿ, ಹೆಸರುಗಳನ್ನು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿಡಿ. ಇಲ್ಲದಿದ್ದರೆ ಕಮಿಟಿ ಅಧ್ಯಕ್ಷರ ಇನಿಷಿಯಲ್ಲೇ ಕತ್ತರಿಗೆ ಹೋಗೋದು.